ಎತ್ತಿದ ತೋಳು, ಒತ್ತಿದ ಹೆಬ್ಬೆಟ್ಟು

ಆರನೆಯ ಕಂತು

"ಕತ್ತರಿ ಕೆಳಗಿಡು ಬಸವರಾಜು. ಅವನ ಕಟ್ಟು ಯಾಕಪ್ಪ ಬಿಚ್ತಿದ್ದೀಯ?"

ಏಳನೆಯ ಮಂಚದಿಂದ ಬಂದ ಮಾತಿಗೆ ಗಾಯ ಕಟ್ಟುವ ಡ್ರೆಸರ್ ಬಸವರಾಜುವಿನ ಕೈ ಅಲ್ಲೇ ನಿಂತಿತು. ಎಂಟನೆಯ ಮಂಚದ ಮೇಲೆ ಕೂಲಿ ಚಾಮಯ್ಯ ಹಲ್ಲು ಕಚ್ಚಿಕೊಂಡು ಕೂತಿದ್ದ. ಅವನ ಎಡಗೈಗೆ ಮೊಣಕೈಯಿಂದ ಬೆರಳ ತುದಿಯವರೆಗೆ ಹಲಗೆ ಇಟ್ಟು ಬಟ್ಟೆ ಸುತ್ತಿ ಇವತ್ತಿಗೆ ಆರು ದಿನ. ಮೂರು ವಾರ ಯಾರೂ ಮುಟ್ಟಕೂಡದೆಂದು ದೊಡ್ಡ ಡಾಕ್ಟರು ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದರು.

"ಬಿಗಿಯಾಗಿದೆ ಅಂದ. ಸಡಿಲ ಮಾಡ್ತಾ ಇದ್ದೀನಿ, ಅಷ್ಟೇ."

"ನಾನ್ಯಾವಾಗ ಅಂದೆ?" ಚಾಮಯ್ಯ ಕಣ್ಣು ಬಿಟ್ಟ. "ಇಲ್ಲ ಸಾಮಿ, ನಾನು ಉಸ್ರೇ ಬುಟ್ಟಿಲ್ಲ."

ಏಳನೆಯ ಮಂಚದ ಸಂತಿಯಾಗು ಎದ್ದು ಹೋಗಿ ಆ ಕತ್ತರಿ ಕಿತ್ತುಕೊಳ್ಳಬೇಕಿತ್ತು. ಆದರೆ ಏಳುವುದೆಲ್ಲಿ ಬಂತು? ಅವನ ಬಲತೋಳನ್ನು ಮಂಚದ ಪಕ್ಕದ ಕಂಬಕ್ಕೆ ಎತ್ತಿ ಕಟ್ಟಿದ್ದರು. ಮುಂಗೈಗೆ ಸುತ್ತಿದ ಪಟ್ಟಿಯಿಂದ ಹೊರಟ ಹಗ್ಗ ಒಂದು ರಾಟೆಯ ಮೇಲೆ ಹಾದು ಆಚೆ ಬದಿ ಇಳಿದು, ತುದಿಗೆ ಮರಳುಚೀಲವೊಂದು ನೇತಾಡುತ್ತಿತ್ತು. ಭುಜದ ಬುಡದಲ್ಲಿ ಮುರಿದ ಮೂಳೆ ಒಂದರ ಮೇಲೊಂದು ಏರದಂತೆ ಹಗಲಿರುಳು ಎಳೆದು ಹಿಡಿಯುವ ಉಪಾಯ. ಬಾವಿಯ ಕೊಡವಾದರೂ ಮೇಲೆ ಕೆಳಗೆ ಆಡುತ್ತದೆ. ಹಗ್ಗದ ತುದಿಯ ಈ ಮನುಷ್ಯನಿಗೆ ಅದೂ ಇಲ್ಲ.

ಗುರುವಾರ ಮೇಟಗಳ್ಳಿಯ ಹೊಸ ಗೋದಾಮಿಗೆ ಬೊಂಬು ಹಗ್ಗದಲ್ಲಿ ಕಟ್ಟಿದ್ದ ಸಾರುವೆ ಕುಸಿಯಿತೆಂದು ಮೂವರು ಕೂಲಿಗಳನ್ನು ಗಾಡಿಯಲ್ಲಿ ತಂದು ಹಾಕಿದ್ದು, ಅದು ನಿಜವೇ ನೋಡಲು ಶುಕ್ರವಾರ ಸೈಕಲ್ಲು ತುಳಿದ ಸಂತಿಯಾಗುವನ್ನು ಹಿಂದಿನಿಂದ ಬಂದ ಲಾರಿ ರಸ್ತೆಯಾಚೆ ಎಸೆದದ್ದು, ಭಾನುವಾರ ಆ ಮೂವರಲ್ಲಿ ಕೆಂಪಯ್ಯ ಕಣ್ಣು ಮುಚ್ಚಿದ್ದು, ಇಷ್ಟೂ ಒಂದೇ ವಾರದೊಳಗೆ ಆಗಿಹೋಗಿತ್ತು.

ಬಸವರಾಜು ಮತ್ತೆ ಕತ್ತರಿ ಆಡಿಸಿದ. ಸಂತಿಯಾಗು ಕಣ್ಣು ಕಿರಿದು ಮಾಡಿ ನೋಡಿದ. ಸಡಿಲ ಮಾಡುವವನು ಮೊಣಕೈ ಹತ್ತಿರದ ಗಂಟು ಬಿಚ್ಚುತ್ತಾನೆ. ಇವನು ಗಂಟಿನ ಕಡೆ ತಿರುಗಿಯೂ ನೋಡದೆ, ಹೆಬ್ಬೆರಳಿನ ಸುತ್ತಲಿನ ಬಟ್ಟೆಯನ್ನಷ್ಟೇ ಹಲಸಿನ ತೊಳೆ ಬಿಡಿಸುವಷ್ಟು ನಾಜೂಕಾಗಿ ಬಿಡಿಸುತ್ತಿದ್ದ. ಅವನ ಬಿಳಿಯ ಅಂಗಿಯ ಜೇಬು ಚಪ್ಪಟೆ ಡಬ್ಬಿಯೊಂದರ ಆಕಾರಕ್ಕೆ ಉಬ್ಬಿತ್ತು. ಜೇಬಿನ ತಳದಲ್ಲಿ ನೇರಳೆ ಕಲೆ.

"ಹೆಬ್ಬೆಟ್ಟು ಬೇಕಿತ್ತು ಅಂತ ಬಾಯಿ ಬಿಟ್ಟು ಹೇಳೋದಲ್ವೇನಯ್ಯ?" ಎಂದ ಸಂತಿಯಾಗು ನಗುತ್ತಲೇ. "ಬಲಗೈ ಗಟ್ಟಿಮುಟ್ಟಾಗಿದೆ. ಅದನ್ನೇ ಒತ್ತಿಸ್ಕೊ. ಮುರಿದ ಕೈಗೆ ಯಾಕೆ ಹಿಂಸೆ?"

"ಬಲಗೈದು ಹೆಂಗಸರದ್ದು ದಫೇದಾರ್ರೇ. ಗಂಡಸಿಂದು ಎಡಗೈದೇ ಆಗ್ಬೇಕು, ಇಲ್ದಿದ್ರೆ ಕಾಗದ ನಿಲ್ಲಲ್ಲ. ಪೊಲೀಸಿನಲ್ಲಿದ್ದೋರು ನಿಮಗೆ ಗೊತ್ತಿಲ್ವಾ..."

ಮಾತು ಅರ್ಧಕ್ಕೇ ನಿಂತಿತು. ಆಡಬಾರದ್ದು ಆಡಿಬಿಟ್ಟೆನೆಂದು ಬಸವರಾಜುವಿನ ಕಿವಿ ಕೆಂಪಾದವು.

"ಯಾವ ಕಾಗದ?" ಎಂದ ಸಂತಿಯಾಗು.

ಬಾಗಿಲಲ್ಲಿ ನರ್ಸ್ ಅಮಲಮೇರಿಯ ಬೂಟಿನ ಸದ್ದು ಕೇಳಿದ್ದೇ ಡ್ರೆಸರು ಕತ್ತರಿಯನ್ನು ತಟ್ಟೆಗೆ ಎಸೆದು, ನೀರು ತರುವ ನೆಪ ಮಾಡಿ ಹಿತ್ತಲ ಬಾಗಿಲಿಂದ ಜಾರಿಕೊಂಡ.

ಅಮಲಮೇರಿ ಬಂದವಳೇ ಚಾಮಯ್ಯನ ಕೈ ನೋಡಿ ಸೊಂಟಕ್ಕೆ ಕೈ ಕೊಟ್ಟಳು.

"ಇದ್ಯಾರು ಇಲಿ ಕಡಿದ ಹಾಗೆ ಕಡಿದಿರೋದು?"

"ಎರಡು ಕಾಲಿನ ಇಲಿ ಕಣಮ್ಮ," ಎಂದ ಸಂತಿಯಾಗು. "ಮತ್ತೆ ಸುತ್ತಿಬಿಡು. ಹೆಬ್ಬೆಟ್ಟು ಎಳ್ಳಷ್ಟೂ ಕಾಣಬಾರದು."

"ನೀವೊಬ್ಬರು. ನನಗೇ ಕಟ್ಟು ಕಟ್ಟೋದು ಹೇಳ್ಕೊಡ್ತೀರಾ ಅಣ್ಣ?" ಇಬ್ಬರೂ ಒಂದೇ ಇಗರ್ಜಿಯವರು, ಅವಳ ತಾಯಿ ಆರೋಗ್ಯಮ್ಮ ಸಂತಿಯಾಗುವಿನ ಹೆಂಡತಿಗೆ ದೂರದ ನೆಂಟಳು. ಆ ಸಲಿಗೆ ಅವಳ ಮಾತಿನಲ್ಲಿತ್ತು. "ಮೊದಲು ನಿಮ್ಮ ಎಡಗೈ ತೋರಿಸಿ. ಬೆಳಿಗ್ಗೆ ಸೋಪು ಹಚ್ಚಿ ತಿಕ್ಕಿದರೂ ಹೆಬ್ಬೆಟ್ಟಿನ ಉಗುರ ಸಂದಿಯ ನೇರಳೆ ಹೋಗಿಲ್ಲ ನೋಡಿ. ಹುಣ್ಣಿಗೆ ಹಚ್ಚೋ ಔಷಧಿ ಬಟ್ಟಲಿಗೆ ಬೆರಳು ಅದ್ದಿದ್ರೋ ಏನೋ, ಮಕ್ಕಳ ಹಾಗೆ."

"ನಾನೆಲ್ಲಿ ಅದ್ದಲಿ? ಹಾಸಿಗೆ ಬಿಟ್ಟು ಅಲ್ಲಾಡಿದೀನಾ?"

"ಹಾಗಾದ್ರೆ ಶನಿವಾರ ಕ್ಲೋರೋಫಾರಂ ಕೊಟ್ಟು ಭುಜ ಕೂರಿಸಿದಾಗ ಎಲ್ಲೋ ಸೋಕಿರಬೇಕು. ಅವತ್ತು ನಿಮ್ಮ ಮೈಮೇಲೆ ನಿಮಗೆ ಖಬರಿತ್ತೇ?"

ಅವಳು ನಗುತ್ತ ಚಾಮಯ್ಯನ ಬಟ್ಟೆ ಸುತ್ತತೊಡಗಿದಳು. ಸಂತಿಯಾಗು ಆ ಕೈಯನ್ನೇ ನೋಡುತ್ತಿದ್ದ. ಆರು ದಿನದಿಂದ ಮನಸ್ಸಿನಲ್ಲಿ ಚುಚ್ಚುತ್ತಿದ್ದ ಮುಳ್ಳು ಈಗ ತುದಿ ತೋರಿಸಿತು.

"ಅಮಲಾ, ಇವನ ಮೂಳೆ ಮುರಿದಿರೋದು ಸರಿಯಾಗಿ ಎಲ್ಲಿ?"

"ಮುಂಗೈಯ ನಟ್ಟನಡುವೆ. ಕಿರುಬೆರಳಿನ ಕಡೆಯ ಮೂಳೆ. ಹೆಬ್ಬೆರಳಿನ ಕಡೆಯದಕ್ಕೆ ಏನೂ ಆಗಿಲ್ಲ."

"ಒಂಬತ್ತರ ಆಂತೋಣಿಗೆ?"

ಜ್ವರದಲ್ಲಿ ಮಂಪರಾಗಿ ಮಲಗಿದ್ದ ಆಂತೋಣಿಯ ಕಡೆ ಅವಳು ಕತ್ತು ಹೊರಳಿಸಿದಳು. "ಅವನಿಗೂ ಅಲ್ಲೇ. ಎಡಗೈಯೇ."

"ಕೆಂಪಯ್ಯನಿಗೆ?"

ಹತ್ತನೆಯ ಮಂಚ ಖಾಲಿಯಿತ್ತು. ಹಾಸಿಗೆ ಸುರುಳಿ ಸುತ್ತಿ ಇಟ್ಟಿದ್ದರು. ಅಮಲಮೇರಿ ಶಿಲುಬೆಯ ಗುರುತು ಹಾಕಿಕೊಂಡಳು. "ಪಾಪ, ಎರಡೂ ಕೈ. ಅದೇ ಜಾಗ. ಆಮೇಲೆ ತಲೆ."

ಸಂತಿಯಾಗು ಕಣ್ಣು ಮುಚ್ಚಿದ. ಹದಿನಾಲ್ಕು ವರ್ಷ ಪೊಲೀಸಿನಲ್ಲಿ ಕಳೆದವನು ಅವನು. ಕೊನೆಯ ಆರು ವರ್ಷ ಬೆರಳಚ್ಚಿನ ದಫ್ತರದಲ್ಲಿ ಭೂತಗನ್ನಡಿ ಹಿಡಿದಿದ್ದ. ಮೊದಲ ಎಂಟು ವರ್ಷ ಹಿಡಿದದ್ದು ಲಾಠಿ. ಒಂದು ಸಂತೆಯ ದಿನ ಗುಂಪು ಚದುರಿಸಲು ಬೀಸಿದ ಆ ಲಾಠಿ, ತಲೆ ಮುಚ್ಚಿಕೊಳ್ಳಲು ಕೈ ಎತ್ತಿದ ಮುದುಕನೊಬ್ಬನ ಮುಂಗೈ ಮೇಲೆ ಬಿದ್ದಿತ್ತು. ಕಬ್ಬು ಮುರಿದಂಥ ಸದ್ದು. ಕೆಲಸ ಬಿಟ್ಟರೂ ಆ ಸದ್ದು ಅವನನ್ನು ಬಿಟ್ಟಿರಲಿಲ್ಲ. ಅವತ್ತು ಮುದುಕನದು ಮುರಿದದ್ದೂ ಇದೇ ಮೂಳೆ, ಇದೇ ಜಾಗ.

"ಚಾಮಯ್ಯ," ಎಂದ ಮೆಲ್ಲಗೆ. "ಬೀಳೋನು ಕೈ ಊರ್ತಾನೆ ಕಣೋ. ಊರಿದ ಏಟು ಮಣಿಕಟ್ಟಿಗೋ ಭುಜಕ್ಕೋ ಹೋಗುತ್ತೆ. ನನ್ನನ್ನೇ ನೋಡು, ಸೈಕಲ್ಲಿಂದ ಬಿದ್ದೆ, ಅಂಗೈ ಊರಿದೆ, ಭುಜ ಹೋಯ್ತು. ನಿಮ್ಮ ಮೂವರದ್ದೂ ಹಾಗಲ್ಲ. ನೀವು ಬೀಳಲಿಲ್ಲ. ನೀವು ಕೈ ಎತ್ತಿದ್ರಿ."

ಚಾಮಯ್ಯ ಬಾಗಿಲ ಕಡೆ ನೋಡಿದ. ಕಿಟಕಿಯ ಕಡೆ ನೋಡಿದ. ಹುಣಸೆಮರದ ನೆರಳಲ್ಲಿ ಗೋದಾಮು ಕಟ್ಟಿಸುತ್ತಿದ್ದ ಕಂತ್ರಾಟುದಾರನ ಇಬ್ಬರು ಆಳುಗಳು ಆರು ದಿನದಿಂದ ಬೀಡಿ ಸೇದುತ್ತ ಕೂತಿದ್ದರು. ಹಿಂದಿನ ಬಾಗಿಲಲ್ಲಿ ಇನ್ನೊಬ್ಬ.

"ನಾನೇನೂ ಏಳಕಿಲ್ಲ ಸಾಮಿ. ನನ್ನ ತಂಗಿ ದೇವೀರಿ ಅವರ ಗುಡಿಸ್ಲಲ್ಲೇ ಅವ್ಳೆ. ಗಂಡನ್ನ ಮಣ್ಣು ಮಾಡಿ ಮೂರು ದಿನ ಆಗಿಲ್ಲ. ನಾನು ಬಾಯಿ ಬುಟ್ರೆ ಅವಳ ಗತಿ?"

"ನಿನ್ನ ತಂಗಿಯೇ ಅಲ್ವೇನಯ್ಯ ನಮ್ಮನೆಗೆ ನಡ್ಕೊಂಡು ಬಂದು, ನನ್ನ ಗಂಡ ಮೇಲಿಂದ ಬಿದ್ದೋನಲ್ಲ ಅಂದೋಳು? ಅವಳಿಗಿರೋ ಗಂಡೆದೆ ನಿನಗಿಲ್ವಾ?"

ಮಾತು ನಾಟಿತು.

"ಸಾರುವೆ ಅಗ್ಗ ಕೊಳ್ತೋಗಿತ್ತು ಸಾಮಿ. ಕೆಂಪಯ್ಯ ಬಾವ ಅಂದ, ಒಸ ಅಗ್ಗ ಕಟ್ಟೋಗಂಟ ಯಾರೂ ಅತ್ತಬ್ಯಾಡಿ ಅಂತ. ನಾವು ಅತ್ತನಿಲ್ಲ. ಅಷ್ಟೇ ನಮ್ಮ ತಪ್ಪು. ಮಾತಾಡೋಣ ಬನ್ನಿ ಅಂತ ಸುಣ್ಣದ ಕೋಣೆಗೆ ಕರುದ್ರು. ಬಾಗ್ಲು ಆಕ್ಬುಟ್ರು." ಅವನು ಬಲಗೈಯನ್ನು ತಲೆಗೆ ಅಡ್ಡ ಹಿಡಿದು ತೋರಿಸಿದ. "ಬಾವ ನನ್ನ ತಲೆ ಮೇಲೂ ತನ್ನ ಕೈ ಅಡ್ಡ ಇಟ್ಟ."

ಅಮಲಮೇರಿಯ ಕೈಯಲ್ಲಿದ್ದ ಬಟ್ಟೆಯ ಸುರುಳಿ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು.

ಬಡವನ ಮೂಳೆ ಮುರಿದರೆ ಅದು ಅಪಘಾತ. ಧಣಿಯ ಗಾಡಿಯ ಚಕ್ರ ಮುರಿದರೆ ಅದು ಫಿತೂರಿ. ಈ ಊರಿನ ಕಾಗದಗಳೆಲ್ಲ ಈ ಎರಡೇ ಶಬ್ದದಲ್ಲಿ ಬರೆದವು. ನಾಳೆ ಹತ್ತು ಗಂಟೆಗೆ ಮ್ಯಾಜಿಸ್ಟ್ರೇಟರು ವಾರ್ಡಿಗೆ ಬಂದು ಕೆಂಪಯ್ಯನ ಸಾವಿನ ವಿಚಾರಣೆ ಮಾಡುವವರಿದ್ದರು. ಅಷ್ಟರೊಳಗೆ ಈ ಮುರಿದ ಕೈಗಳನ್ನು ಮಾತಾಡಿಸಬೇಕು.

"ನಾಳೆ ಇದನ್ನೇ ಹೇಳ್ತೀಯಾ?"

"ನೀವು ಪಕ್ಕದಲ್ಲಿದ್ರೆ ಏಳ್ತೀನಿ."

"ಎಲ್ಲಿಗೆ ಹೋಗ್ಲಪ್ಪ?" ಸಂತಿಯಾಗು ತಲೆಯ ಮೇಲಿನ ಹಗ್ಗದ ಕಡೆ ಗಲ್ಲ ಎತ್ತಿ ತೋರಿಸಿದ. "ಕಟ್ಟಿಹಾಕಿದ ಎತ್ತು. ಇಲ್ಲೇ ಇರ್ತೀನಿ."

ನಾಲ್ಕು ಗಂಟೆಯ ಗಂಟೆ ಹೊಡೆಯಿತು. ರೋಗಿಗಳ ನೆಂಟರನ್ನು ಒಳಗೆ ಬಿಡುವ ಹೊತ್ತು. ಎಲ್ಲರಿಗಿಂತ ಮೊದಲು ಒಳಗೆ ಬಂದದ್ದು ಬೆಳ್ಳಿ ಹಿಡಿಯ ಬೆತ್ತ, ಅದರ ಹಿಂದೆ ಕಂತ್ರಾಟುದಾರ ಮಹದೇವಪ್ಪ. ಜರಿಯಂಚಿನ ಪೇಟ, ಮುಚ್ಚು ಕಾಲರಿನ ಕೋಟು. ಕೈಯಲ್ಲಿ ಕೊಡಗಿನ ಕಿತ್ತಳೆಯ ಬುಟ್ಟಿ. ಅವನ ಹಿಂದೆ ಒದ್ದೆ ಕೋಳಿಯಂತೆ ಬಸವರಾಜು.

"ಏನ್ ದಫೇದಾರ್ರೇ, ಭುಜ ಹೆಂಗಿದೆ?"

"ನೇತಾಡ್ತಿದೆ. ನಿಮ್ಮ ಲಾರಿ ಹೆಂಗಿದೆ?"

ಮಹದೇವಪ್ಪ ಹೊಟ್ಟೆ ತುಂಬ ನಕ್ಕ. ಸ್ಟೂಲು ಎಳೆದುಕೊಂಡು ಏಳಕ್ಕೂ ಎಂಟಕ್ಕೂ ನಡುವೆ ಕೂತ. ಒಂದು ಕಿತ್ತಳೆ ಸುಲಿದು ಚಾಮಯ್ಯನ ಮಡಿಲಿಗಿಟ್ಟ. ಚಾಮಯ್ಯ ಅದನ್ನು ಮುಟ್ಟಲಿಲ್ಲ.

"ಈ ಹಲಗೆ ಕಟ್ಟಿದ ಕೈ ಯಾವ ಕಾಲಕ್ಕೆ ಕೂಡುತ್ತೆ ಹೇಳಿ. ಇಲವಾಲದಲ್ಲಿ ನಮಗೆ ಗೊತ್ತಿರೋ ಮೂಳೆ ಕಟ್ಟೋ ಅಯ್ಯ ಇದ್ದಾನೆ. ಬಿದಿರು ದಬ್ಬೆ, ಕೋಳಿಮೊಟ್ಟೆ ಲೋಳೆ, ಉದ್ದಿನ ಹಿಟ್ಟು. ಹದಿನೈದು ದಿನಕ್ಕೆ ಕೊಡಲಿ ಹಿಡೀಬಹುದು. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಈ ಸಂಜೆಯೇ ಗಾಡಿ ಸಿದ್ಧ."

"ಕಾಗದದಲ್ಲಿ ಏನಿದೆ?" ಎಂದ ಸಂತಿಯಾಗು.

"ಇದ್ದದ್ದೇ. ಸಾರುವೆ ಕುಸೀತು, ಬಿದ್ದೆವು, ಯಾರ ತಪ್ಪೂ ಇಲ್ಲ."

"ಹೌದಾ? ಎಷ್ಟು ಎತ್ತರದಿಂದ ಬಿದ್ದರು?"

"ಹದಿನೈದು ಅಡಿ."

"ಬಿದ್ದೋರು ಕೈ ಎಲ್ಲಿ ಊರಿದ್ರು?"

"ನೆಲಕ್ಕೆ ಊರ್ತಾರೆ, ಮತ್ತೆ ಆಕಾಶಕ್ಕೆ ಊರ್ತಾರಾ?" ಮಹದೇವಪ್ಪ ತನಗರಿವಿಲ್ಲದೆ ಎರಡೂ ಅಂಗೈಯನ್ನು ಮುಂದೆ ಚಾಚಿ ತೋರಿಸಿದ.

"ನೋಡಿ, ನೀವೇ ತೋರಿಸಿದಿರಿ." ಸಂತಿಯಾಗುವಿನ ದನಿ ಏರಿತು. ಆಚೆ ಮಂಚಗಳ ನೆಂಟರು ಇತ್ತ ತಿರುಗಿದರು. "ಅಂಗೈ ಊರಿದೋರಿಗೆ ಮಣಿಕಟ್ಟು ಹೋಗಬೇಕಿತ್ತು. ಮೂರು ಜನ ಬಿದ್ದರು, ಮೂವರಿಗೂ ಒಂದೇ ಮೂಳೆ, ಒಂದೇ ಜಾಗ, ಮುಂಗೈಯ ಹೊರಬದಿ. ನಿಮ್ಮ ಸಾರುವೆ ಅಷ್ಟು ನ್ಯಾಯವಾಗಿ ಹಂಚಿತೇ? ಅದೂ ಎಡಗೈಗೇ? ಎದುರು ನಿಂತು ಬಲಗೈಯಲ್ಲಿ ದೊಣ್ಣೆ ಬೀಸೋನ ಏಟು ಬೀಳೋದು ಎದುರಿನವನ ಎಡಗೈ ಮೇಲೆ. ಇದನ್ನ ನನಗೆ ಯಾವ ಡಾಕ್ಟರೂ ಹೇಳ್ಕೊಡಬೇಕಾಗಿಲ್ಲ. ನಾನೂ ಬೀಸಿದೋನೇ."

ಮಹದೇವಪ್ಪನ ನಗು ಮಾಸಲಿಲ್ಲ. ಅವನು ಬೆತ್ತ ಎತ್ತಿ, ತಂಬೂರಿ ಮೀಟುವವನ ಹಾಗೆ, ಸಂತಿಯಾಗುವಿನ ತಲೆಯ ಮೇಲಿದ್ದ ಹಗ್ಗವನ್ನು ಒಮ್ಮೆ ಮೀಟಿದ.

ಮರಳುಚೀಲ ಕುಣಿಯಿತು. ಭುಜದೊಳಗೆ ಮೂಳೆ ಮೂಳೆಗೆ ತಾಗಿತು. ಸಂತಿಯಾಗುವಿನ ಕಣ್ಣು ಕತ್ತಲಿಟ್ಟಿತು. ಕೂಗಬಾರದೆಂದು ತುಟಿ ಕಚ್ಚಿದ. ರಕ್ತದ ಉಪ್ಪು ನಾಲಗೆಗೆ ತಾಗಿತು.

"ಹಗ್ಗ ಮುಟ್ಟಬೇಡಿ!" ಅಮಲಮೇರಿ ಓಡಿಬಂದು ಚೀಲ ಹಿಡಿದಳು. "ಎದ್ದು ಹೊರಗೆ ನಡೀರಿ!"

"ಕೈ ತಗುಲಿತಮ್ಮ, ಬೇಕಂತ ಮಾಡಿದ್ದಲ್ಲ. ಅಪಘಾತ." ಮಹದೇವಪ್ಪ ಬೆತ್ತವನ್ನು ಮೊಣಕಾಲ ಮೇಲಿಟ್ಟುಕೊಂಡು ಚಾಮಯ್ಯನ ಕಡೆ ತಿರುಗಿದ. "ನೀನು ಹೇಳಪ್ಪ. ಒತ್ತುತೀಯೋ ಇಲ್ವೋ?"

ಚಾಮಯ್ಯ ಮಡಿಲ ಕಿತ್ತಳೆಯನ್ನು ಬಲಗೈಯಲ್ಲಿ ಎತ್ತಿದ. ಅದನ್ನು ನೆಲದ ಮೇಲೆ, ಮಹದೇವಪ್ಪನ ಪಂಪುಶೂ ಪಕ್ಕಕ್ಕೆ ಇಳಿಸಿದ.

"ಒತ್ತಕಿಲ್ಲ ಬುದ್ಧಿ."

ಜೀವಮಾನದಲ್ಲಿ ಮೊದಲ ಸಲ ಆಡಿದ ಮಾತು ಅದು.

ಮಹದೇವಪ್ಪ ನಿಟ್ಟುಸಿರು ಬಿಟ್ಟು, ಕೋಟಿನ ಒಳಜೇಬಿನಿಂದ ಇನ್ನೊಂದು ಕಾಗದ ತೆಗೆದ. "ಇದನ್ನ ತೆಗೆಯೋ ಮನಸ್ಸಿರಲಿಲ್ಲ. ಸತ್ತವನ ಮಾತು. ಶನಿವಾರ ಕೆಂಪಯ್ಯ ಹೇಳಿ ಬರೆಸಿದ್ದು. ಓದ್ತೀನಿ ಕೇಳು: ನನ್ನ ಹೆಂಡತಿಯ ಅಣ್ಣ ಚಾಮಯ್ಯನು ನನ್ನ ಮೇಲಿನ ದ್ವೇಷದಿಂದ ಸಾರುವೆಯ ಹಗ್ಗವನ್ನು ಬಿಚ್ಚಿದ ಕಾರಣ ನಾನು ಬಿದ್ದು ಈ ಸ್ಥಿತಿಗೆ ಬಂದಿರುತ್ತೇನೆ. ಕೆಳಗೆ ಕೆಂಪಯ್ಯನ ಹೆಬ್ಬೆಟ್ಟು."

ಚಾಮಯ್ಯನ ಬಾಯಿ ತೆರೆದೇ ಉಳಿಯಿತು. "ಬಾವ ಅಂಗಂದ್ನಾ?"

"ನಾಳೆ ಇದು ಮ್ಯಾಜಿಸ್ಟ್ರೇಟರ ಕೈಗೆ ಹೋದರೆ ನೀನು ಕೊಲೆಗಾರ. ನೇಣೋ, ಕರಿನೀರೋ. ನಿನ್ನ ತಂಗಿಯೇ ನಿನ್ನ ಮುಖಕ್ಕೆ ಉಗೀತಾಳೆ. ಆ ಮೊದಲನೇ ಕಾಗದಕ್ಕೆ ಒತ್ತಿದರೆ ಇದು ನನ್ನ ಜೇಬಲ್ಲೇ ಇರುತ್ತೆ."

ಸಂತಿಯಾಗುವಿಗೆ ನೋವಿನ ನಡುವೆಯೂ ನಗು ಬಂತು. ಬಲೆ ಹೆಣೆದವನು ಒಂದು ಕಣ್ಣು ತಪ್ಪಿಸಿದ್ದ. ಕಾಯ್ದೆ ಕಲಿತ ಗುಮಾಸ್ತರ ಚಾಳಿ, ಗಂಡಸಾದರೆ ಎಡಗೈ. ಆ ಎಡಗೈ ಯಾವ ಸ್ಥಿತಿಯಲ್ಲಿದೆ ಎಂದು ನೋಡುವ ವ್ಯವಧಾನ ಯಾರಿಗಿದೆ?

"ಅಮಲಾ, ಕೆಂಪಯ್ಯನ ಕೈಗೆ ಕಟ್ಟು ಹಾಕಿದೋರು ಯಾರು?"

"ನಾನೇ. ಗುರುವಾರ ಸಂಜೆ."

"ಎಲ್ಲಿವರೆಗೆ?"

"ಎರಡೂ ಕೈ, ಬೆರಳ ತುದಿವರೆಗೆ." ಅವಳಿಗೂ ಹೊಳೆಯಿತು, ಕಣ್ಣು ಅರಳಿದವು. "ಭಾನುವಾರ ಮೈ ಒರೆಸಿದ್ದೂ ನಾನೇ. ನನ್ನ ಗಂಟು ನನಗೆ ಗೊತ್ತು. ನಾನು ಹಾಕಿದ ಹಾಗೇ ಇತ್ತು. ಆ ಗಂಟಿನ ಜೊತೆಗೇ ಅವನನ್ನ ಮಣ್ಣು ಮಾಡಿದರು!"

"ಕೇಳಿದಿರಾ ಕಂತ್ರಾಟುದಾರರೇ?" ಎಂದ ಸಂತಿಯಾಗು. "ಗುಂಡಿ ತೆಗೆಸಿದರೆ ಕಟ್ಟು ಇವತ್ತಿಗೂ ಸಾಕ್ಷಿ ಹೇಳುತ್ತೆ. ಗುರುವಾರದಿಂದ ಬೆಳಕೇ ಕಾಣದ ಹೆಬ್ಬೆಟ್ಟು ಶನಿವಾರ ಹೇಗೆ ಒತ್ತಿತು? ಆ ಗುರುತು ಕೆಂಪಯ್ಯನದಲ್ಲ. ಬಾಯಿ ಸುಳ್ಳು ಹೇಳಬಹುದು, ಬೆರಳು ಹೇಳಲ್ಲ. ನಾಳೆ ದಫ್ತರದೋರು ಭೂತಗನ್ನಡಿ ಇಟ್ಟರೆ ಆ ಬೆರಳಿನವನು ಯಾರು ಅಂತ ಗೊತ್ತಾಗುತ್ತೆ. ಗೊತ್ತಾದ ದಿನ ಸತ್ತವನ ಹೆಸರಲ್ಲಿ ಸುಳ್ಳು ಕಾಗದ ಮಾಡಿದ ಆ ಕಳ್ಳನ ಕೈಗೆ ಕೋಳ. ಇಷ್ಟು ಜನರ ಎದುರಿಗೆ ಹೇಳ್ತಿದ್ದೀನಿ, ಆ ಬೆರಳಿನವನನ್ನ ನಾನೇ ಗುರುತಿಸ್ತೀನಿ!"

ಆಚೆ ಮಂಚಗಳ ಸುತ್ತ ಗುಸುಗುಸು ಎದ್ದಿತು. ಯಾರೋ "ಭೇಷ್" ಎಂದರು. ಚಾಮಯ್ಯನ ಮುಖಕ್ಕೆ ಆರು ದಿನದಲ್ಲಿ ಮೊದಲ ಬಾರಿಗೆ ನೆತ್ತರು ಏರಿತು.

ಮಹದೇವಪ್ಪ ಮಾತ್ರ ಬೆವರಲಿಲ್ಲ. ಅವನು ಇದೇ ಮಾತಿಗಾಗಿ ಕಾದಿದ್ದವನಂತೆ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಅದೇ ನೋಡಿ, ನಾನೂ ನಿಮ್ಮನ್ನ ಕೇಳಬೇಕು ಅಂತಲೇ ಇದ್ದೆ. ಈ ಊರಲ್ಲಿ ಬೆರಳು ಓದೋದರಲ್ಲಿ ನಿಮ್ಮನ್ನ ಮೀರಿಸಿದೋರು ಯಾರಿದ್ದಾರೆ? ನಾಳೆವರೆಗೆ ಯಾಕೆ, ಈಗಲೇ ಗುರುತಿಸಿಬಿಡಿ."

ಕಾಗದವನ್ನು ಸಂತಿಯಾಗುವಿನ ಕಣ್ಣಿನ ಎದುರು ಹಿಡಿದ, ಅವನೊಬ್ಬನಿಗೇ ಕಾಣುವಂತೆ. ಬಸವರಾಜು ಮುಖ ಗೋಡೆಗೆ ತಿರುಗಿಸಿಕೊಂಡ.

ನೇರಳೆ ಮಸಿ. ಅಚ್ಚುಕಟ್ಟಾಗಿ, ಎಲ್ಲೂ ಕದಡದೆ ಬಿದ್ದ ಗುರುತು. ನೋವಿನಲ್ಲಿ ನಡುಗುವ ಕೈಯದಲ್ಲ. ಅಲುಗಾಡದೆ ಮಲಗಿದ್ದ ಯಾರದೋ ಕೈಯನ್ನು ಹಿಡಿದು ಒತ್ತಿಸಿದ್ದು. ಗೆರೆಗಳು ನಡುವೆ ಶಂಖದಂತೆ ಸುತ್ತಿದ್ದವು. ಆ ಶಂಖವನ್ನು ಅಡ್ಡ ಸೀಳಿ, ಎಡದಿಂದ ಬಲಕ್ಕೆ ಇಳಿಜಾರಾಗಿ, ಒಂದು ಬಿಳಿಯ ಗೆರೆ. ಹಳೆಯ ಗಾಯದ ಕಲೆ. ಹರಿತವಾದ ಏನೋ ಕೊಯ್ದದ್ದು.

ಸಂತಿಯಾಗು ಆ ಬಿಳಿಗೆರೆಯನ್ನು ಬಲ್ಲ. ಹನ್ನೆರಡು ವರ್ಷದ ಹಿಂದೆ, ಸಂತ ಅಂತೋಣಿಯವರ ಹಬ್ಬದ ದಿನ, ಅಂಗಳದಲ್ಲಿ ಹಲಸು ಕೊಯ್ಯುವಾಗ ಕತ್ತಿ ಜಾರಿತ್ತು.

ಅವನು ಮೆಲ್ಲಗೆ ತನ್ನ ಎಡಗೈಯನ್ನು ಹೊದಿಕೆಯ ಕೆಳಗೆ ಎಳೆದುಕೊಂಡ. ಈ ಸಾಲಿನಲ್ಲಿ ಕಟ್ಟಿಲ್ಲದ ಎಡಗೈ ಇದ್ದದ್ದು ಒಂದೇ. ಕ್ಲೋರೋಫಾರಂನ ಸಿಹಿ ವಾಸನೆ ಮೂಗಿಗೆ ಮತ್ತೆ ಬಡಿದಂತಾಯಿತು. ಶನಿವಾರ. ಉಗುರ ಸಂದಿಯ ಆ ನೇರಳೆ, ಸೋಪಿಗೂ ಹೋಗದ್ದು.

"ಪೊಲೀಸಿನಲ್ಲಿದ್ದೋರ ಬೆರಳಚ್ಚು ದಫ್ತರದಲ್ಲಿ ಜೋಪಾನವಾಗಿ ಇರುತ್ತಂತೆ," ಎಂದ ಮಹದೇವಪ್ಪ ಪಿಸುದನಿಯಲ್ಲಿ, ಕಾಗದ ಮಡಿಸುತ್ತ. "ಯಾರೂ ಕೇಳದಿದ್ದರೆ ಇದು ಕೆಂಪಯ್ಯನದು. ಯಾರಾದರೂ ಕೇಳಿದರೆ, ಯಾರದು ಅಂತ ನಿಮಗೇ ಗೊತ್ತು, ಆ ಬೆರಳಿನವನಿಗೆ ಏನು ಶಿಕ್ಷೆ ಅಂತಲೂ ನೀವೇ ಈಗ ಇಷ್ಟು ಜನರ ಎದುರಿಗೆ ಹೇಳಿಬಿಟ್ಟಿರಿ. ನಾಳೆ ಹತ್ತಕ್ಕೆ ಬರ್ತೀನಿ."

ಬೆತ್ತದ ಸದ್ದು ಟಕ್ ಟಕ್ಕೆಂದು ವಾರ್ಡಿನ ಉದ್ದಕ್ಕೂ ನಡೆದು ಹೋಯಿತು. ಬಾಗಿಲಲ್ಲಿ ಅವನ ಆಳು ಎದ್ದು ನಿಂತು ನಮಸ್ಕರಿಸಿ, ಮತ್ತೆ ಅಡ್ಡಲಾಗಿ ಕೂತ.

ಮರಳುಚೀಲ ಇನ್ನೂ ಸಣ್ಣಗೆ ತೂಗುತ್ತಿತ್ತು. ಅಮಲಮೇರಿ ಹೆಮ್ಮೆಯಿಂದ ಸಂತಿಯಾಗುವಿನ ಮುಖ ನೋಡುತ್ತಿದ್ದಳು. ಎಂಟನೆಯ ಮಂಚದಲ್ಲಿ ಚಾಮಯ್ಯ, ಆರು ದಿನ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು, ಮುರಿದ ಕೈಯನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ಈ ಕಡೆ ವಾಲಿದ.

"ನೋಡಿದ್ರಲ್ಲ ಸಾಮಿ, ಗುರುತು ಸಿಕ್ತಾ? ಏಳಿ, ಯಾರ್ದು ಆ ಬೆಟ್ಟು?"